ಓಡಿಹೋದವರ ಬಾಕಿ ಯಾರ ಖಾತೆಗೆ?

ಜೇನ್ ಆಸ್ಟೆನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಒಂದು ಓದು

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ

ರಜೆಗೆ ಮುಂಚೆ ನಮ್ಮ ಇಂಗ್ಲಿಷ್ ಮೇಡಂ ಒಂದು ಡಬ್ಬಿಯಲ್ಲಿ ಚೀಟಿ ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಕಾದಂಬರಿ ಕೊಟ್ಟರು. ಓದಿ ಬಂದು ತರಗತಿಯಲ್ಲಿ ಹತ್ತು ನಿಮಿಷ ಮಾತನಾಡಬೇಕು. ನನಗೆ ಬಂದದ್ದು ‘ಪ್ರೈಡ್ ಅಂಡ್ ಪ್ರೆಜುಡಿಸ್’. “ಮೇಡಂ, ಇದು ಲವ್ ಸ್ಟೋರಿ. ನಾನು ಕಾಮರ್ಸ್ ಹುಡುಗಿ, ಬೇರೆ ಯಾವುದಾದರೂ ಕೊಡಿ” ಎಂದೆ. ಅವರು ನಕ್ಕು, “ಮೊದಲು ಓದು. ನಿನ್ನ ಅಕೌಂಟೆನ್ಸಿ ಪುಸ್ತಕದಷ್ಟೇ ದುಡ್ಡಿನ ಲೆಕ್ಕ ಇದರಲ್ಲೂ ಇದೆ” ಎಂದರು.

ಅವರು ಹೇಳಿದ್ದು ನಿಜವಾಯಿತು. ಹತ್ತು ನಿಮಿಷ ಮಾತನಾಡಲು ಹೋಗಿ ಇಡೀ ಪೀರಿಯಡ್ ಮಾತನಾಡಿದೆ. ಆಗ ಕನ್ನಡ ಸರ್, “ಇದನ್ನೇ ನಮ್ಮ ಪತ್ರಿಕೆಗೆ ಕನ್ನಡದಲ್ಲಿ ಬರೆದುಕೊಡಮ್ಮ” ಎಂದರು. ನಮ್ಮ ಮನೆಯಲ್ಲಿ ಉರ್ದು, ತರಗತಿಯಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಗೆಳತಿಯರ ಜೊತೆ ಕನ್ನಡ. ಆದ್ದರಿಂದ ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

ಕಥೆ ಇಷ್ಟೇ. ಒಮ್ಮೆ ಜಗಳವಾಡಿ ಬೇರೆಯಾದ ಒಂದು ಗಂಡು, ಒಂದು ಹೆಣ್ಣು. ಆ ಹೆಣ್ಣಿನ ತಂಗಿ ಒಬ್ಬನ ಜೊತೆ ಓಡಿಹೋಗುತ್ತಾಳೆ. ಆ ಓಡಿಹೋಗುವಿಕೆಯೇ ಬೇರೆಯಾದವರನ್ನು ಮತ್ತೆ ಸೇರಿಸುತ್ತದೆ. ಇಷ್ಟು ಕೇಳಿದರೆ ಸಿನಿಮಾ ಕಥೆಯಂತಿದೆ. ಆದರೆ ಓದುತ್ತಾ ಹೋದಂತೆ ನನ್ನ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಒಂದೇ: ಓಡಿಹೋದವರು ಹೋದರು, ಅವರು ಬಿಟ್ಟುಹೋದ ಬಾಕಿಯನ್ನು ಕಟ್ಟುವವರು ಯಾರು?

ಲೇಖಕಿ ಮತ್ತು ಪುಸ್ತಕ

ಜೇನ್ ಆಸ್ಟೆನ್ ಹುಟ್ಟಿದ್ದು 1775ರ ಡಿಸೆಂಬರ್ 16ರಂದು, ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ಸ್ಟೀವನ್‌ಟನ್ ಎಂಬ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಅವರು ಮದುವೆಯಾಗಲಿಲ್ಲ. 1817ರಲ್ಲಿ, 41ನೇ ವಯಸ್ಸಿನಲ್ಲಿ ತೀರಿಕೊಂಡರು. ಈ ಕಾದಂಬರಿಯ ಮೊದಲ ರೂಪವನ್ನು 1796–97ರಲ್ಲಿ, ಇಪ್ಪತ್ತೊಂದರ ಆಸುಪಾಸಿನಲ್ಲಿ ಬರೆದರು. ಅದು ಅಚ್ಚಾಗಿ ಹೊರಬಂದದ್ದು 1813ರ ಜನವರಿಯಲ್ಲಿ. ಮುಖಪುಟದಲ್ಲಿ ಅವರ ಹೆಸರಿರಲಿಲ್ಲ. ಅವರ ಹಿಂದಿನ ಪುಸ್ತಕದ ಹೆಸರು ಹಾಕಿ ‘ಅದನ್ನು ಬರೆದವರು’ ಎಂದಷ್ಟೇ ಇತ್ತು.

ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಹೇಳಬೇಕು. ಈ ಪುಸ್ತಕದ ಹಕ್ಕನ್ನು ಆಸ್ಟೆನ್ ಪ್ರಕಾಶಕರಿಗೆ ಒಂದೇ ಸಲಕ್ಕೆ 110 ಪೌಂಡಿಗೆ ಮಾರಿಬಿಟ್ಟರು. ಅವರು ಬಯಸಿದ್ದು 150. ಪುಸ್ತಕ ಚೆನ್ನಾಗಿ ಮಾರಾಟವಾಯಿತು, ಮತ್ತೆ ಮತ್ತೆ ಅಚ್ಚಾಯಿತು. ಆ ಲಾಭವೆಲ್ಲ ಪ್ರಕಾಶಕರದ್ದೇ. ದುಡ್ಡಿನ ಬೆಲೆ ಏನು, ದುಡ್ಡಿಲ್ಲದ ಹೆಣ್ಣಿನ ಪಾಡು ಏನು ಎಂಬುದು ಲೇಖಕಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು.

ಬೆನೆಟ್ ಮನೆಯ ಸ್ಥಿತಿ

ಬೆನೆಟ್ ಎಂಬ ಕುಟುಂಬದಲ್ಲಿ ಐದು ಹೆಣ್ಣುಮಕ್ಕಳು: ಜೇನ್, ಎಲಿಜಬೆತ್, ಮೇರಿ, ಕಿಟ್ಟಿ, ಲಿಡಿಯಾ. ತಂದೆಯ ಆಸ್ತಿಯಿಂದ ವರ್ಷಕ್ಕೆ 2,000 ಪೌಂಡ್ ಆದಾಯ. ಕೇಳಲು ದೊಡ್ಡದು. ಆದರೆ ಆ ಆಸ್ತಿ ಗಂಡು ವಾರಸುದಾರನಿಗೆ ಮಾತ್ರ ಹೋಗಬೇಕೆಂಬ ಕಟ್ಟುಪಾಡಿದೆ. ತಂದೆ ತೀರಿಕೊಂಡ ದಿನ ಮನೆ, ಜಮೀನು ಎಲ್ಲ ಕಾಲಿನ್ಸ್ ಎಂಬ ಸಂಬಂಧಿಕನ ಪಾಲಾಗುತ್ತದೆ. ತಾಯಿಗೂ ಮಕ್ಕಳಿಗೂ ಸೇರಿ ಉಳಿಯುವುದು 5,000 ಪೌಂಡ್. ಐವರು ಮಕ್ಕಳಿಗೆ ಹಂಚಿದರೆ ತಲೆಗೆ 1,000.

ತಂದೆ ಏಕೆ ಉಳಿತಾಯ ಮಾಡಲಿಲ್ಲ? ಮುಂದೆ ಒಬ್ಬ ಮಗ ಹುಟ್ಟುತ್ತಾನೆ, ಅವನು ದೊಡ್ಡವನಾದ ಮೇಲೆ ಆ ಕಟ್ಟುಪಾಡನ್ನು ತೆಗೆಸಬಹುದು ಎಂದುಕೊಂಡರು. ಮಗ ಹುಟ್ಟಲಿಲ್ಲ. ಆದಾಯವೆಲ್ಲ ಖರ್ಚಾಯಿತು. ನಮ್ಮ ಪಾಠದ ಮಾತಿನಲ್ಲಿ ಹೇಳುವುದಾದರೆ, ಮೀಸಲು ನಿಧಿ ಇಡದ ಸಂಸ್ಥೆ.

ಎಲಿಜಬೆತ್‌ಗೆ ಇಪ್ಪತ್ತು ವರ್ಷ. ಬುದ್ಧಿವಂತೆ, ಮಾತುಗಾತಿ. ಡಾರ್ಸಿ ಎಂಬ ಶ್ರೀಮಂತ ಅವಳನ್ನು ಇಷ್ಟಪಡುತ್ತಾನೆ. ಅವನ ವಯಸ್ಸು 28, ಆದಾಯ ವರ್ಷಕ್ಕೆ 10,000 ಪೌಂಡ್. ಆದರೆ ಮದುವೆಯ ಮಾತೆತ್ತುವಾಗ ‘ನಿನ್ನ ಮನೆತನ ನನ್ನದಕ್ಕಿಂತ ಕೀಳು, ಆದರೂ ನಿನ್ನನ್ನು ಬಿಟ್ಟಿರಲಾರೆ’ ಎಂಬ ಧಾಟಿಯಲ್ಲಿ ಮಾತನಾಡುತ್ತಾನೆ. ಯಾವ ಹುಡುಗಿ ಒಪ್ಪುತ್ತಾಳೆ? ಅವಳು ಖಡಾಖಂಡಿತವಾಗಿ ಬೇಡ ಎನ್ನುತ್ತಾಳೆ. ಅಕ್ಕ ಜೇನ್‌ಳ ಸಂಬಂಧವನ್ನು ತಪ್ಪಿಸಿದವನು ನೀನು, ವಿಕ್‌ಹ್ಯಾಮ್ ಎಂಬ ಸೈನಿಕನಿಗೆ ಅನ್ಯಾಯ ಮಾಡಿದವನು ನೀನು ಎಂದು ಮುಖಕ್ಕೇ ಹೇಳುತ್ತಾಳೆ.

ಮರುದಿನ ಡಾರ್ಸಿ ಒಂದು ಪತ್ರ ಕೊಟ್ಟು ಹೊರಟುಹೋಗುತ್ತಾನೆ. ಆ ಪತ್ರದಲ್ಲಿ ವಿಕ್‌ಹ್ಯಾಮ್‌ನ ನಿಜ ಇದೆ. ಅವನು ಡಾರ್ಸಿಯ ತಂಗಿ ಜಾರ್ಜಿಯಾನಾಳನ್ನು ಓಡಿಸಿಕೊಂಡು ಹೋಗಲು ನೋಡಿದ್ದ. ಅವಳಿಗೆ ಆಗ ಹದಿನೈದು ವರ್ಷ. ಅವಳ ಹೆಸರಿನಲ್ಲಿ 30,000 ಪೌಂಡ್ ಇತ್ತು. ಕೊನೆಯ ಗಳಿಗೆಯಲ್ಲಿ ಆ ಹುಡುಗಿ ಅಣ್ಣನಿಗೆ ಎಲ್ಲ ಹೇಳಿದ್ದರಿಂದ ತಪ್ಪಿತು. ತಂಗಿಯ ಮಾನ ಉಳಿಯಲಿ ಎಂದು ಡಾರ್ಸಿ ಅದನ್ನು ಯಾರಿಗೂ ಹೇಳಿರಲಿಲ್ಲ.

ಎಲಿಜಬೆತ್ ತನ್ನ ತಪ್ಪು ತಿಳಿದುಕೊಳ್ಳುತ್ತಾಳೆ. ಆದರೆ ವಿಕ್‌ಹ್ಯಾಮ್‌ನ ಬಣ್ಣ ಬಯಲು ಮಾಡುವುದಿಲ್ಲ. ಜೇನ್ ಮತ್ತು ಅವಳು ಕೂತು ಯೋಚಿಸಿ, ಹೇಗೂ ಸೈನ್ಯದ ತುಕಡಿ ಊರು ಬಿಡುತ್ತಿದೆ, ನಮಗೇಕೆ, ಸುಮ್ಮನಿರೋಣ ಎಂದು ತೀರ್ಮಾನಿಸುತ್ತಾರೆ. ಈ ‘ಸುಮ್ಮನಿರೋಣ’ ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಿ.

ಗ್ರೆಟ್ನಾ ಗ್ರೀನ್ ಎಂದರೇನು?

ಮುಂದಿನ ಕಥೆ ಅರ್ಥವಾಗಬೇಕಾದರೆ ಆ ಕಾಲದ ಒಂದು ಕಾನೂನು ತಿಳಿಯಬೇಕು.

ಹಿಂದೆ ಇಂಗ್ಲೆಂಡಿನಲ್ಲಿ ಗುಟ್ಟಾದ ಮದುವೆಗಳು ಬಹಳ ನಡೆಯುತ್ತಿದ್ದವು. ಲಂಡನ್ನಿನ ಫ್ಲೀಟ್ ಜೈಲಿನ ಸುತ್ತಮುತ್ತ ದುಡ್ಡು ಕೊಟ್ಟರೆ ಮದುವೆ ಮಾಡಿಸುವ ಪಾದ್ರಿಗಳೇ ಇದ್ದರು. ಇದನ್ನು ನಿಲ್ಲಿಸಲು 1753ರಲ್ಲಿ ಲಾರ್ಡ್ ಹಾರ್ಡ್‌ವಿಕ್ ಅವರ ವಿವಾಹ ಕಾಯ್ದೆ ಬಂತು. 1754ರ ಮಾರ್ಚ್ 25ರಿಂದ ಜಾರಿಯಾಯಿತು. ಅದರ ಪ್ರಕಾರ ಮದುವೆ ಚರ್ಚಿನಲ್ಲೇ ಆಗಬೇಕು. ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರ ಮುಂದೆ ಘೋಷಣೆ ಆಗಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು. 21 ತುಂಬದವರಿಗೆ ಲೈಸೆನ್ಸ್ ಬೇಕಾದರೆ ತಂದೆಯ ಒಪ್ಪಿಗೆ ಬೇಕು. ಘೋಷಣೆಯ ವೇಳೆ ತಂದೆ ಎದ್ದು ಬೇಡ ಎಂದರೆ ಮದುವೆ ನಿಂತಿತು.

ಆದರೆ ಈ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ. ಅಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ‘ನಾವು ಗಂಡ ಹೆಂಡತಿ’ ಎಂದು ಒಪ್ಪಿದರೆ ಮದುವೆ ಆದಂತೆಯೇ. ತಂದೆತಾಯಿಯ ಒಪ್ಪಿಗೆ ಬೇಕಿರಲಿಲ್ಲ. ಗಡಿ ದಾಟಿದೊಡನೆ ಸಿಗುವ ಹಳ್ಳಿ ಗ್ರೆಟ್ನಾ ಗ್ರೀನ್. ಲಂಡನ್ನಿನಿಂದ ಸುಮಾರು 500 ಕಿಲೋಮೀಟರ್. 1770ರ ದಶಕದಲ್ಲಿ ಆ ಕಡೆ ಒಳ್ಳೆಯ ಸುಂಕದ ರಸ್ತೆ ಆದಮೇಲೆ ಕುದುರೆಗಾಡಿಗಳು ಅಲ್ಲಿಗೇ ಓಡತೊಡಗಿದವು. ಊರಿನ ಕಮ್ಮಾರನ ಕುಲುಮೆಯಲ್ಲಿ, ಅಡಿಗಲ್ಲಿನ ಮುಂದೆ ಮದುವೆ. ಹೀಗೆ ಬಂದು ಆಗುವ ಮದುವೆಗಳನ್ನು ತಡೆಯಲು 1856ರಲ್ಲಿ ಹೊಸ ಕಾನೂನು ಮಾಡಿ, ಇಬ್ಬರಲ್ಲಿ ಒಬ್ಬರಾದರೂ ಮದುವೆಗೆ ಮೊದಲು 21 ದಿನ ಸ್ಕಾಟ್ಲೆಂಡಿನಲ್ಲಿ ವಾಸವಿರಬೇಕು ಎಂದರು.

ಇದನ್ನು ಮನೆಯಲ್ಲಿ ದಾದಿಗೆ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತಾ, “ಗವಾಹ್ ಇದ್ದರು, ಕಬೂಲ್ ಹೈ ಅಂದರು, ಸರಿ. ವಲೀ ಎಲ್ಲಿ? ಮೆಹರ್ ಎಷ್ಟು?” ಎಂದು ಕೇಳಿದರು. ದಾದಿಯ ಎರಡನೇ ಪ್ರಶ್ನೆಯೇ ಈ ಕಾದಂಬರಿಯ ಮುಖ್ಯ ಪ್ರಶ್ನೆ ಎಂದು ನನಗೆ ಆಮೇಲೆ ಹೊಳೆಯಿತು.

ಆ ಕಾಲದ ನಿಜ ಪ್ರಸಂಗ ಒಂದಿದೆ. ರಾಬರ್ಟ್ ಚೈಲ್ಡ್ ಎಂಬವರು ಲಂಡನ್ನಿನ ‘ಚೈಲ್ಡ್ ಅಂಡ್ ಕಂಪನಿ’ ಬ್ಯಾಂಕಿನ ಮಾಲೀಕರು. ಅವರ ಒಬ್ಬಳೇ ಮಗಳು ಸಾರಾ 1782ರಲ್ಲಿ ವೆಸ್ಟ್‌ಮೋರ್ಲೆಂಡಿನ ಅರ್ಲ್ ಎಂಬ ಬಿರುದಿನವನ ಜೊತೆ ಗ್ರೆಟ್ನಾ ಗ್ರೀನಿಗೆ ಓಡಿಹೋದಳು. ಅವಳಿಗೆ 17 ವರ್ಷ, ನನ್ನದೇ ವಯಸ್ಸು. ತಂದೆ ಉಯಿಲನ್ನು ಬದಲಿಸಿ, ಆಸ್ತಿ ಅಳಿಯನ ಬಿರುದಿನ ವಂಶಕ್ಕೆ ಹೋಗದಂತೆ ಕಟ್ಟುಪಾಡು ಮಾಡಿದರು. ಅದೇ ವರ್ಷ ತೀರಿಕೊಂಡರು. ಕೊನೆಗೆ ಆಸ್ತಿಯೂ ಬ್ಯಾಂಕಿನ ಪಾಲೂ ಸಾರಾಳ ಮಗಳಿಗೆ ಬಂತು. ಆ ಮೊಮ್ಮಗಳು ಮುಂದೆ ಬ್ಯಾಂಕಿನ ಹಿರಿಯ ಪಾಲುದಾರಳಾದಳು. ಓಡಿಹೋಗುವುದು ಆಗ ಪ್ರೀತಿಯ ವಿಷಯವಷ್ಟೇ ಆಗಿರಲಿಲ್ಲ, ಆಸ್ತಿ ಯಾರ ಕೈ ಸೇರುತ್ತದೆ ಎಂಬ ವಿಷಯವೂ ಆಗಿತ್ತು.

ಲಿಡಿಯಾ ಓಡಿಹೋದಳು

ಈಗ ಕಥೆಗೆ ಬರೋಣ. ಸೈನ್ಯದ ತುಕಡಿ ಬ್ರೈಟನ್ ಎಂಬ ಕಡಲತೀರದ ಊರಿಗೆ ಹೋಗುತ್ತದೆ. ಕರ್ನಲ್‌ನ ಹೆಂಡತಿ ಲಿಡಿಯಾಳನ್ನು ಜೊತೆಗೆ ಕರೆಯುತ್ತಾಳೆ. ಕಳಿಸಬೇಡಿ ಎಂದು ಎಲಿಜಬೆತ್ ತಂದೆಗೆ ಹೇಳುತ್ತಾಳೆ. ಕಳಿಸದಿದ್ದರೆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ ಎಂದು ತಂದೆ ಕಳಿಸಿಬಿಡುತ್ತಾರೆ.

ಇತ್ತ ಎಲಿಜಬೆತ್ ಸೋದರಮಾವ ಗಾರ್ಡಿನರ್ ಮತ್ತು ಅವರ ಹೆಂಡತಿಯ ಜೊತೆ ಪ್ರವಾಸ ಹೋದಾಗ ಡಾರ್ಸಿಯ ಮನೆ ಪೆಂಬರ್ಲಿಯನ್ನು ನೋಡಲು ಹೋಗುತ್ತಾಳೆ. ಅವನು ಊರಲ್ಲಿಲ್ಲ ಎಂದುಕೊಂಡಿದ್ದಳು. ಎದುರಿಗೇ ಬಂದ! ಆದರೆ ಇವನು ಹಳೆಯ ಡಾರ್ಸಿಯಲ್ಲ. ವ್ಯಾಪಾರಿಯಾದ ಅವಳ ಮಾವನ ಹತ್ತಿರವೂ ಗೌರವದಿಂದ ಮಾತನಾಡುತ್ತಾನೆ. ತಂಗಿಯನ್ನು ಕರೆತಂದು ಪರಿಚಯ ಮಾಡಿಸುತ್ತಾನೆ. ಎಲಿಜಬೆತ್‌ಳ ಮನಸ್ಸು ಕರಗುತ್ತದೆ.

ಅಷ್ಟರಲ್ಲಿ ಜೇನ್‌ಳಿಂದ ಎರಡು ಪತ್ರ ಒಟ್ಟಿಗೇ ಬರುತ್ತವೆ. ಮೊದಲನೆಯದರಲ್ಲಿ: ಲಿಡಿಯಾ ವಿಕ್‌ಹ್ಯಾಮ್ ಜೊತೆ ಸ್ಕಾಟ್ಲೆಂಡಿಗೆ ಓಡಿಹೋಗಿದ್ದಾಳೆ. ಎರಡನೆಯದರಲ್ಲಿ: ಅವರು ಸ್ಕಾಟ್ಲೆಂಡಿಗೆ ಹೋಗಿಯೇ ಇಲ್ಲ, ಲಂಡನ್ನಿನಲ್ಲಿ ಎಲ್ಲೋ ಅಡಗಿದ್ದಾರೆ, ಮದುವೆಯೂ ಆಗಿಲ್ಲ. ಪತ್ರ ಹಿಡಿದು ಕಂಗಾಲಾಗಿದ್ದಾಗ ಡಾರ್ಸಿ ಒಳಗೆ ಬರುತ್ತಾನೆ. ಅವಳು ಅಳುತ್ತಾ ಎಲ್ಲವನ್ನೂ ಹೇಳಿಬಿಡುತ್ತಾಳೆ. ನಿಜ ಗೊತ್ತಿದ್ದೂ ನಾನು ಮುಚ್ಚಿಟ್ಟೆ ಎಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ಡಾರ್ಸಿ ಏನೂ ಹೇಳದೆ ಕೋಣೆಯಲ್ಲಿ ಹಿಂದೆ ಮುಂದೆ ನಡೆದಾಡಿ ಹೊರಟುಹೋಗುತ್ತಾನೆ. ಇನ್ನು ಇವನು ನಮ್ಮ ಮನೆಯ ನೆರಳಿಗೂ ಬರುವುದಿಲ್ಲ ಎಂದುಕೊಳ್ಳುತ್ತಾಳೆ. ಅವಳಿಗೆ ಅವನ ಮೇಲಿನ ಪ್ರೀತಿ ಪೂರ್ತಿ ತಿಳಿಯುವುದು ಆ ಕ್ಷಣದಲ್ಲಿ, ಕಳೆದುಹೋಯಿತು ಎಂದಾಗ.

ಲಿಡಿಯಾಳ ವಯಸ್ಸನ್ನು ಗಮನಿಸಿ. ಆಗಷ್ಟೇ ಹದಿನಾರು. ವಿಕ್‌ಹ್ಯಾಮ್ ಡಾರ್ಸಿಯ ಓರಗೆಯವನು. ಇಂದು ನಮ್ಮ ದೇಶದ ಕಾನೂನಿನಲ್ಲಿ ಮದುವೆಗೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ನಮ್ಮ ಲೆಕ್ಕದಲ್ಲಿ ಲಿಡಿಯಾ ಇನ್ನೂ ಮಗು. ಊರಿನವರೆಲ್ಲ ಅವಳನ್ನು ಬೈಯುತ್ತಾರೆ. ಆದರೆ ಮೋಸ ಮಾಡಿದವನು ದೊಡ್ಡವನು.

ಮನೆಯಲ್ಲಿ ಉಳಿದವರು

ಇಲ್ಲಿ ಕಾಲಿನ್ಸ್ ಒಂದು ಪತ್ರ ಬರೆಯುತ್ತಾನೆ. ಸಮಾಧಾನ ಹೇಳುವ ನೆಪ. ಆದರೆ ಅದರ ಸಾರ: ಇದಕ್ಕಿಂತ ನಿಮ್ಮ ಮಗಳು ಸತ್ತಿದ್ದರೆ ಒಳ್ಳೆಯದಿತ್ತು, ಇನ್ನು ಉಳಿದ ಹೆಣ್ಣುಮಕ್ಕಳಿಗೆ ಯಾರು ಸಂಬಂಧ ಬೆಳೆಸುತ್ತಾರೆ?

ಈ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಏಕೆಂದರೆ ಈ ಮಾತನ್ನು ನಾನು ಉರ್ದುವಿನಲ್ಲಿ ಕೇಳಿದ್ದೆ, ನಮ್ಮ ಮನೆಯ ಹಜಾರದಲ್ಲೇ.

ಬೇರೆ ಊರಿನಲ್ಲಿ ನಮ್ಮ ಸಂಬಂಧಿಕರ ಒಂದು ಮನೆ ಇದೆ. ಕಳೆದ ವರ್ಷ ಆ ಮನೆಯ ದೊಡ್ಡ ಹುಡುಗಿ ಯಾರಿಗೂ ಹೇಳದೆ ಹೊರಟುಹೋದಳು. ಅವಳಿಗೆ ಇಪ್ಪತ್ತೆರಡು ವರ್ಷ, ಕಾನೂನಿನ ಪ್ರಕಾರ ಅವಳ ಇಷ್ಟ. ಅದು ಸರಿಯೋ ತಪ್ಪೋ ಎಂದು ಹೇಳಲು ನಾನು ಯಾರೂ ಅಲ್ಲ. ನಾನು ಹೇಳಬೇಕಾದದ್ದು ಅವಳ ತಂಗಿಯ ವಿಷಯ. ಅವಳು ನನ್ನ ವಯಸ್ಸಿನವಳು, ಅವಳೂ ಕಾಮರ್ಸ್. ಪ್ರತಿ ಭಾನುವಾರ ನಾವು ಫೋನಿನಲ್ಲಿ ಲೆಕ್ಕ ತಾಳೆ ನೋಡುತ್ತಿದ್ದೆವು. ಅಕ್ಕ ಹೋದ ಮುಂದಿನ ವಾರವೇ ತಂಗಿಯನ್ನು ಕಾಲೇಜು ಬಿಡಿಸಿದರು. ಅವಳೇನು ಮಾಡಿದ್ದಳು? ಏನೂ ಇಲ್ಲ. ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಳು, ಅಷ್ಟೇ.

ಅಮ್ಮಿ ನನಗೆ, “ಸ್ವಲ್ಪ ದಿನ ಅವಳಿಗೆ ಫೋನ್ ಮಾಡುವುದು ಬೇಡ ಬೇಟಾ” ಎಂದರು. ಅಮ್ಮಿ ಕೆಟ್ಟವರಲ್ಲ, ಹೆದರಿದ್ದರು. ನಾನೂ ಮರುಮಾತಾಡಲಿಲ್ಲ. ಸ್ವಲ್ಪ ದಿನ ಎಂಬುದು ಏಳು ತಿಂಗಳಾಯಿತು. ಅವಳನ್ನು ಸೇರಿಸಿಕೊಂಡೇ ನಾನು ಇದನ್ನು ಬರೆಯುತ್ತಿರುವುದು. ಬರೆಯಲೇ ಎಂದು ಕೇಳಿದ್ದೇನೆ, ಹೆಸರು ಹಾಕದೆ ಬರೆ ಎಂದಿದ್ದಾಳೆ.

ಲೆಕ್ಕ

ಇನ್ನು ಮೇಡಂ ಹೇಳಿದ ಲೆಕ್ಕಕ್ಕೆ ಬರುತ್ತೇನೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದು ಇದನ್ನೇ.

ವಿಕ್‌ಹ್ಯಾಮ್ ಮದುವೆಗೆ ಒಪ್ಪುತ್ತಾನೆ ಎಂದು ಮಾವ ಗಾರ್ಡಿನರ್ ಲಂಡನ್ನಿನಿಂದ ಬರೆಯುತ್ತಾರೆ. ಅವನ ಕಡೆಯ ಬೇಡಿಕೆ ಬಹಳ ಕಡಿಮೆ: ತಂದೆತಾಯಿಯ ನಂತರ ಬರುವ 5,000ದಲ್ಲಿ ಲಿಡಿಯಾಳ ಸಮಪಾಲು, ತಂದೆ ಬದುಕಿರುವಷ್ಟು ಕಾಲ ವರ್ಷಕ್ಕೆ 100 ಪೌಂಡ್. ತಂದೆ ಲೆಕ್ಕ ಹಾಕುತ್ತಾರೆ. ಲಿಡಿಯಾಳ ಊಟ, ಕೈಖರ್ಚು, ತಾಯಿ ಗುಟ್ಟಾಗಿ ಕೊಡುವ ದುಡ್ಡು ಎಲ್ಲ ಸೇರಿ ಈಗಲೇ ಹತ್ತಿರ ಹತ್ತಿರ ಅಷ್ಟು ಖರ್ಚಾಗುತ್ತಿತ್ತು. ಆದ್ದರಿಂದ ಮಗಳ ಮದುವೆಯಿಂದ ತನಗೆ ಹೆಚ್ಚುವರಿ ಖರ್ಚು ವರ್ಷಕ್ಕೆ 10 ಪೌಂಡೂ ಇಲ್ಲ!

ಆದರೆ ತಂದೆಗೆ ಅನುಮಾನ. ವಿಕ್‌ಹ್ಯಾಮ್‌ನಂಥವನು 10,000ಕ್ಕಿಂತ ಕಡಿಮೆಗೆ ಒಪ್ಪಿದರೆ ಅವನು ಮೂರ್ಖ ಎನ್ನುತ್ತಾರೆ. ಹಾಗಾದರೆ ಉಳಿದ ದುಡ್ಡನ್ನು ಯಾರೋ ಕೊಟ್ಟಿದ್ದಾರೆ. ಮಾವನೇ ಇರಬೇಕು. ಅಕೌಂಟೆನ್ಸಿಯಲ್ಲಿ ನಮಗೆ ಮೊದಲು ಕಲಿಸುವುದೂ ಇದೇ: ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಎರಡು ಬದಿ ಸರಿಹೋಗದಿದ್ದರೆ ಒಂದು ನಮೂದು ಎಲ್ಲೋ ತಪ್ಪಿದೆ ಎಂದರ್ಥ.

ತಪ್ಪಿದ ನಮೂದು ಡಾರ್ಸಿಯ ಹೆಸರಿನದು. ಅವನ ಮನೆಯಿಂದ ವಿಕ್‌ಹ್ಯಾಮ್‌ಗಾಗಿ ಹೋದ ದುಡ್ಡನ್ನು ಮೊದಲಿನಿಂದ ಪಟ್ಟಿ ಮಾಡಿದರೆ ಹೀಗಿದೆ:

1. ಡಾರ್ಸಿಯ ತಂದೆ ಉಯಿಲಿನಲ್ಲಿ ಬಿಟ್ಟದ್ದು – 1,000 ಪೌಂಡ್
2. ಚರ್ಚಿನ ಹುದ್ದೆ ಬೇಡ ಎಂದದ್ದಕ್ಕೆ ಬದಲಾಗಿ ಡಾರ್ಸಿ ಕೊಟ್ಟದ್ದು – 3,000 ಪೌಂಡ್
3. ಅವನ ಸಾಲ ತೀರಿಸಿದ್ದು – 1,000 ಪೌಂಡಿಗಿಂತ ಸಾಕಷ್ಟು ಹೆಚ್ಚು
4. ಲಿಡಿಯಾಳ ಹೆಸರಿನಲ್ಲಿ ಇಟ್ಟದ್ದು – 1,000 ಪೌಂಡ್
5. ಸೈನ್ಯದಲ್ಲಿ ಹೊಸ ಹುದ್ದೆ ಕೊಡಿಸಿದ್ದು – ಮೊತ್ತವನ್ನು ಕಾದಂಬರಿ ಹೇಳುವುದಿಲ್ಲ

ಒಟ್ಟು 6,000 ಪೌಂಡಿಗಿಂತ ಹೆಚ್ಚು. ಅಂದರೆ ಬೆನೆಟ್ ಕುಟುಂಬದ ಮೂರು ವರ್ಷದ ಪೂರ್ತಿ ಆದಾಯಕ್ಕಿಂತ ಹೆಚ್ಚು. ಸಾಲದಲ್ಲಿ ಜೂಜಿನ ಸಾಲವೂ ಇತ್ತು, ಅಂಗಡಿಯವರ ಉದ್ರಿಯೂ ಇತ್ತು. ನಮ್ಮ ಅಬ್ಬಾ ಕಿರಾಣಿ ಅಂಗಡಿ ನಡೆಸುತ್ತಾರೆ. ಉದ್ರಿ ಬರೆಸಿ ಊರು ಬಿಟ್ಟವರ ಪುಟಗಳು ಅವರ ಪುಸ್ತಕದಲ್ಲಿಯೂ ಇವೆ. ಆದ್ದರಿಂದ ವಿಕ್‌ಹ್ಯಾಮ್ ಎಷ್ಟು ಚಂದವಿದ್ದರೂ ನನಗೆ ಅವನ ಮೇಲೆ ಕನಿಕರ ಬರಲಿಲ್ಲ.

ನಾಲ್ಕನೇ ನಮೂದು ದಾದಿಯ ಪ್ರಶ್ನೆಗೆ ಉತ್ತರ. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣ ಸಾಮಾನ್ಯವಾಗಿ ಗಂಡನದಾಗುತ್ತಿತ್ತು. ಮದುವೆಗೆ ಮೊದಲು ಪತ್ರ ಮಾಡಿಸಿ ಅವಳಿಗೆಂದು ಇಟ್ಟರೆ ಮಾತ್ರ ಸ್ವಲ್ಪ ಭದ್ರತೆ. ಹೆಂಡತಿಯ ಆಸ್ತಿ ಹೆಂಡತಿಯದೇ ಎಂಬ ಕಾಯ್ದೆಗಳು ಅಲ್ಲಿ ಬಂದದ್ದು 1870 ಮತ್ತು 1882ರಲ್ಲಿ. ನಮ್ಮಲ್ಲಿ ಮೆಹರ್ ಗಂಡ ಕೊಡಬೇಕಾದದ್ದು, ಹೆಂಡತಿಯ ಸ್ವಂತದ್ದು. ಇಲ್ಲಿ ಗಂಡ ಒಂದು ಕಾಸೂ ಕೊಡಲಿಲ್ಲ, ತಾನೇ ತೆಗೆದುಕೊಂಡ. ಆ ಹುಡುಗಿಗೆ ನಾಳೆ ಕಷ್ಟ ಬರಬಹುದೆಂದು ಯೋಚಿಸಿ ಅವಳ ಹೆಸರಿಗೆ ದುಡ್ಡು ಇಟ್ಟವನು ಹೊರಗಿನವನು.

ಡಾರ್ಸಿ ಏಕೆ ಕಟ್ಟಿದ?

ಡಾರ್ಸಿ ಲಂಡನ್ನಿಗೆ ಹೋಗಿ, ತನಗೆ ಇಷ್ಟವಿಲ್ಲದ ಜನರ ಮನೆ ಬಾಗಿಲಿಗೆ ಹೋಗಿ ಅವರನ್ನು ಹುಡುಕುತ್ತಾನೆ. ಯಾವ ವಿಕ್‌ಹ್ಯಾಮ್‌ನ ಮುಖ ನೋಡಲೂ ಬಯಸುತ್ತಿರಲಿಲ್ಲವೋ ಅವನ ಜೊತೆ ಕೂತು ಚೌಕಾಶಿ ಮಾಡುತ್ತಾನೆ. ಮದುವೆಯ ದಿನ ಚರ್ಚಿನಲ್ಲೂ ನಿಲ್ಲುತ್ತಾನೆ. ನನ್ನ ಹೆಸರು ಬರಕೂಡದು, ಎಲ್ಲ ನೀವೇ ಮಾಡಿದ್ದೆಂದು ಇರಲಿ ಎಂದು ಗಾರ್ಡಿನರ್‌ಗೆ ಹಠ ಹಿಡಿಯುತ್ತಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ರಂಜಾನ್ ತಿಂಗಳಲ್ಲಿ ಅಮ್ಮಿ ಹೇಳುವುದು ನೆನಪಾಯಿತು. ಲಿಡಿಯಾ ಬಾಯಿತಪ್ಪಿ ಹೇಳಿದ್ದರಿಂದ, ಆಮೇಲೆ ಅತ್ತೆಯ ಪತ್ರದಿಂದ, ಎಲಿಜಬೆತ್‌ಗೆ ವಿಷಯ ತಿಳಿಯುತ್ತದೆ.

ಡಾರ್ಸಿ ಗಾರ್ಡಿನರ್‌ಗೆ ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ಇದು ನನ್ನ ತಪ್ಪು ಎನ್ನುತ್ತಾನೆ. ವಿಕ್‌ಹ್ಯಾಮ್ ಎಂಥವನೆಂದು ನಾನು ಎಲ್ಲರಿಗೂ ತಿಳಿಸಿದ್ದರೆ ಯಾವ ಹುಡುಗಿಯೂ ಅವನನ್ನು ನಂಬುತ್ತಿರಲಿಲ್ಲ. ನಮ್ಮ ಮನೆಯ ವಿಷಯ ಹೊರಗೆ ಹೋಗಬಾರದು ಎಂಬ ನನ್ನ ಅಹಂಕಾರದಿಂದ ಹೀಗಾಯಿತು, ಆದ್ದರಿಂದ ಸರಿಪಡಿಸುವುದು ನನ್ನ ಹೊಣೆ.

ಈಗ ಆ ‘ಸುಮ್ಮನಿರೋಣ’ ನೆನಪಿಸಿಕೊಳ್ಳಿ. ಡಾರ್ಸಿ ಸುಮ್ಮನಿದ್ದ, ತಂಗಿಯ ಇಜ್ಜತ್‌ಗಾಗಿ. ಎಲಿಜಬೆತ್, ಜೇನ್ ಸುಮ್ಮನಿದ್ದರು, ನಮಗೇಕೆ ಎಂದು. ತಂದೆ ಸುಮ್ಮನಿದ್ದರು, ಮನೆಯ ನೆಮ್ಮದಿಗಾಗಿ. ಹದಿನಾರರ ಲಿಡಿಯಾಗೆ ಯಾರೂ ಒಂದು ಮಾತು ಹೇಳಲಿಲ್ಲ. ಓಡಿಹೋದ ಮೇಲೆ ಎಲ್ಲರೂ ಮಾತನಾಡಿದರು. ಮಾನ ಹೋಗುತ್ತದೆಂದು ಮುಚ್ಚಿಟ್ಟದ್ದೇ ಕೊನೆಗೆ ಮಾನವನ್ನು ಕಳೆಯಿತು. ಸುಮ್ಮನಿದ್ದವರಲ್ಲಿ ‘ನನ್ನದೂ ಪಾಲಿದೆ’ ಎಂದು ಮುಂದೆ ಬಂದು ಕಟ್ಟಿದವನು ಡಾರ್ಸಿ.

ಮುಂದೆ ಒಂದು ದಿನ ನಡೆದು ಹೋಗುವಾಗ ಎಲಿಜಬೆತ್ ಅವನಿಗೆ ಕೃತಜ್ಞತೆ ಹೇಳುತ್ತಾಳೆ. ನಿನ್ನ ಮನೆಯವರು ನನಗೆ ಋಣಿಯಲ್ಲ, ನಾನು ಯೋಚಿಸಿದ್ದು ನಿನ್ನೊಬ್ಬಳನ್ನು ಎಂದು ಅವನು ಹೇಳುತ್ತಾನೆ. ಮೊದಲ ಸಲ ಮನೆತನದ ಎತ್ತರದಿಂದ ಕೇಳಿ ಸೋತವನು, ಎರಡನೇ ಸಲ ವಿನಯದಿಂದ ಕೇಳುತ್ತಾನೆ. ಅವಳು ಒಪ್ಪುತ್ತಾಳೆ. ವಿಷಯ ತಿಳಿದ ತಂದೆಯ ತಮಾಷೆಯೂ ಚೆನ್ನಾಗಿದೆ: ಮಾವ ಕೊಟ್ಟಿದ್ದರೆ ನಾನು ತೀರಿಸಬೇಕಿತ್ತು; ಪ್ರೇಮಿ ಕೊಟ್ಟಿದ್ದಾನೆ, ವಾಪಸ್ ಕೊಡುತ್ತೇನೆಂದರೆ ತೆಗೆದುಕೊಳ್ಳುವುದಿಲ್ಲ, ನಾನು ಉಳಿದೆ!

ಲಿಡಿಯಾಳ ಬಾಕಿ ಮಾತ್ರ ಮುಗಿಯುವುದಿಲ್ಲ. ಗಂಡನ ಪ್ರೀತಿ ಬೇಗ ತಣ್ಣಗಾಗುತ್ತದೆ. ಊರಿಂದೂರಿಗೆ ಮನೆ ಬದಲಿಸುತ್ತಾ ಅಕ್ಕಂದಿರಿಗೆ ದುಡ್ಡು ಕೇಳಿ ಬರೆಯುತ್ತಿರುತ್ತಾಳೆ. ಎಲಿಜಬೆತ್ ತನ್ನ ಕೈಖರ್ಚಿನಲ್ಲಿ ಉಳಿಸಿ ಕಳಿಸುತ್ತಾಳೆ, ಬಾಗಿಲು ಮುಚ್ಚುವುದಿಲ್ಲ.

ಕೊನೆಯ ಮಾತು

ಪುಸ್ತಕ ಮುಗಿಸಿದ ಭಾನುವಾರ ಅಮ್ಮಿಗೆ ಹೇಳಿಯೇ ಆ ಹುಡುಗಿಗೆ ಫೋನ್ ಮಾಡಿದೆ. ಏಳು ತಿಂಗಳು ನಾನು ಸುಮ್ಮನಿದ್ದೆ, ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಅವಳು ಮಾತನಾಡಲಿಲ್ಲ. ಆಮೇಲೆ, “ಪಾಲುದಾರನ ಪ್ರವೇಶದ ಪಾಠ ಮುಗಿಯಿತಾ?” ಎಂದು ಕೇಳಿದಳು. ಮುಗಿದು ನಿವೃತ್ತಿಯ ಪಾಠ ನಡೆಯುತ್ತಿದೆ ಎಂದೆ. ಈಗ ಪ್ರತಿ ವಾರ ನೋಟ್ಸಿನ ಫೋಟೋ ಕಳಿಸುತ್ತಿದ್ದೇನೆ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಸಲು ಅವಳ ತಂದೆ ವಿಚಾರಿಸುತ್ತಿದ್ದಾರಂತೆ. ಕಳೆದ ಭಾನುವಾರ ನನ್ನ ಮಾತು ಮುಗಿದ ಮೇಲೆ ಅಮ್ಮಿ ಫೋನ್ ತೆಗೆದುಕೊಂಡು ಅವಳ ತಾಯಿಯ ಜೊತೆ ಅರ್ಧ ಗಂಟೆ ಮಾತನಾಡಿದರು.

ಡಾರ್ಸಿಯ ಹತ್ತಿರ ಸಾವಿರಾರು ಪೌಂಡ್ ಇತ್ತು. ನಮ್ಮ ಹತ್ತಿರ ಅಷ್ಟಿಲ್ಲ. ಆದರೆ ಮನೆಯಲ್ಲಿ ಉಳಿದವರ ಮೇಲೆ ಓಡಿಹೋದವರ ಬಾಕಿ ಹೇರದಿರುವುದಕ್ಕೆ ದುಡ್ಡು ಬೇಕಿಲ್ಲ.

ತರಗತಿಯಲ್ಲಿ ಚರ್ಚಿಸಲು

1. ವಿಕ್‌ಹ್ಯಾಮ್‌ನ ವಿಷಯವನ್ನು ಎಲಿಜಬೆತ್ ಊರಿಗೆ ತಿಳಿಸಬೇಕಿತ್ತೇ? ಜಾರ್ಜಿಯಾನಾಳ ಹೆಸರು ಹೇಳದೆ ಹೇಗೆ ತಿಳಿಸಬಹುದಿತ್ತು?
2. ಲಿಡಿಯಾಳನ್ನು ಅದೇ ವಿಕ್‌ಹ್ಯಾಮ್‌ಗೆ ಮದುವೆ ಮಾಡಿಕೊಟ್ಟದ್ದು ಅವಳಿಗೆ ಒಳ್ಳೆಯದಾಯಿತೇ, ಮನೆಯ ಹೆಸರಿಗೆ ಒಳ್ಳೆಯದಾಯಿತೇ?
3. ಬೆನೆಟ್ ವರ್ಷಕ್ಕೆ 2,000ದಲ್ಲಿ 200 ಪೌಂಡ್ ಉಳಿಸಿದ್ದರೆ ಇಪ್ಪತ್ತು ವರ್ಷಕ್ಕೆ ಬಡ್ಡಿ ಬಿಟ್ಟು ಎಷ್ಟಾಗುತ್ತಿತ್ತು? ಐವರು ಮಕ್ಕಳಿಗೆ ಹಂಚಿ ನೋಡಿ.

ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸಿದ್ದೇನೆ. ಓದುವವರು ಮೊದಲ ಐವತ್ತು ಪುಟ ತಾಳ್ಮೆ ಇಟ್ಟುಕೊಳ್ಳಿ, ಆಮೇಲೆ ಅದೇ ಎಳೆದುಕೊಂಡು ಹೋಗುತ್ತದೆ.